ದೊಡ್ಡವ್ವನ ಒಂದೇ ಸ್ಪ್ಯಾನಿಷ್ ಮಾತು

ಮೊನ್ನೆ ರವಿವಾರ ಮಧ್ಯಾಹ್ನ ಪಕ್ಕದ ಕೋಣೆಯಿಂದ ಒಬ್ಬ ಹೆಂಗಸು ನನ್ನ ಊಟದ ಹೊತ್ತು ವಿಚಾರಿಸಿದಳು. ಹೆಂಗಸೆಂದರೆ ಫೋನಿನೊಳಗಿನವಳು. ನನ್ನ ಮಗಳಿಗೆ ಈಗ ಸ್ಪ್ಯಾನಿಷ್ ಕಲಿಯುವ ಹುಚ್ಚು ಹತ್ತಿದೆ. ಯಾಕೆಂದು ಕೇಳಿದರೆ "ಸುಮ್ನ" ಎನ್ನುತ್ತಾಳೆ. ಇದಕ್ಕೂ ಮುಂಚೆ ಕೊಳಲಿನ ಹುಚ್ಚು ಇತ್ತು. ಆ ಕೊಳಲು ಈಗ ಸೊಳ್ಳೆ ಪರದೆ ಎತ್ತಿ ಕಟ್ಟಲು ಉಪಯೋಗವಾಗುತ್ತಿದೆ. ಫೋನಿನವಳು ಒಂದು ವಾಕ್ಯ ಹೇಳುತ್ತಾಳೆ, ಮಗಳು ಅದನ್ನು ಒಪ್ಪಿಸುತ್ತಾಳೆ, ಸರಿಯಾದರೆ ಸಣ್ಣ ಗಂಟೆ ಬಾರಿಸಿದಂಥ ಸದ್ದಾಗುತ್ತದೆ.

"ಆ ಕೆ ಓರಾ ಕೋಮೆ ಉಸ್ತೇ?" ಎಂದಳು ಫೋನಿನವಳು.

ನೀವು ಎಷ್ಟು ಹೊತ್ತಿಗೆ ಊಟ ಮಾಡುತ್ತೀರಿ ಎಂದು ಅದರ ಅರ್ಥ. ನನಗೆ ಸ್ಪ್ಯಾನಿಷ್ ಬರುವುದಿಲ್ಲ. ಬರುವುದು ಇದೊಂದೇ ವಾಕ್ಯ. ಆದರೆ ಅದು ಕಿವಿಗೆ ಬಿದ್ದಾಗ ನಾನು ಕೂತಿದ್ದ ಜಾಗ ಎಂಥದು ನೋಡಿ: ನನ್ನ ಅವ್ವನ ಅಕ್ಕ, ಅಂದರೆ ನಮ್ಮ ದೊಡ್ಡವ್ವ ನೀಲವ್ವ, ಅವಳ ಮಂಚದ ಮುಂದೆ ಊಟದ ತಾಟು ಹಿಡಿದುಕೊಂಡು ಕೂತಿದ್ದೆ. ಗೋಡೆಯ ಮೇಲೆ ನಾನೇ ಬರೆದು ಅಂಟಿಸಿದ ವೇಳಾಪಟ್ಟಿಯ ಪ್ರಕಾರ ಅದು ಅವಳ ಊಟದ ಸಮಯ. ಅವಳು ಎಂದಿನಂತೆ ರೊಟ್ಟಿಯ ಅಂಚಿನಿಂದ ಬೆರಳುಗುರಿನಷ್ಟು ಮುರಿದು ಬಾಯಿಗೆ ಹಾಕಿಕೊಂಡು, ಎಂದಿನಂತೆ ತಾಟು ಸರಿಸಿ, "ಒಲ್ಲೆ ತಮ್ಮಾ, ಸಾಕು" ಎಂದಿದ್ದಳು.

ಮೂರು ವಾರದಿಂದ ಹೀಗೇ ನಡೆದಿತ್ತು. ಸಕ್ಕರೆ ಕಾಯಿಲೆಯ ಮುದುಕಿ, ಗುಳಿಗೆ ನುಂಗುವವಳು, ಉಣ್ಣದಿದ್ದರೆ ಏನಾಗುತ್ತದೆ ಎಂಬುದನ್ನು ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು. ಹಲ್ಲು ನೋಡಿದ್ದಾಯಿತು, ಹೊಟ್ಟೆಯ ಫೋಟೋ ತೆಗೆಸಿದ್ದಾಯಿತು, ರಕ್ತ ಎರಡು ಸಲ ಪರೀಕ್ಷೆಗೆ ಕೊಟ್ಟಿದ್ದಾಯಿತು. ಯಾವುದರಲ್ಲೂ ಏನೂ ಸಿಗಲಿಲ್ಲ. "ವಯಸ್ಸಿನ ಮ್ಯಾಲ ಹಸಿವು ಕಡಿಮಿ ಆಗ್ತದರಿ," ಎಂದು ಡಾಕ್ಟರು ಅಂದಾಗ ಅವರು ಬೇರೆ ಏನನ್ನೋ ಹೇಳದೆ ಉಳಿಸಿಕೊಂಡರು ಎಂದು ನನಗೆ ಅನಿಸಿತ್ತು. ಅವಳ ಕೈಬಳೆಗಳು ಮೊಣಕೈಯವರೆಗೂ ಜಾರತೊಡಗಿದ್ದವು.

ಈ ವಾಕ್ಯ ನನಗೆ ಹೇಗೆ ಬಂತು ಎಂದು ಹೇಳಬೇಕೆಂದರೆ ಬೈಲಹೊಂಗಲದ ಈ ಮನೆಯಿಂದ ನಿಮ್ಮನ್ನು ಸವದತ್ತಿಗೆ ಕರೆದುಕೊಂಡು ಹೋಗಬೇಕು, ಹಲವು ವರ್ಷ ಹಿಂದಕ್ಕೆ. ದಾರಿಯಲ್ಲಿ ಒಂದು ಎಚ್ಚರಿಕೆ. ನಾನು ದಿನಚರಿ ಬರೆಯುವ ಮನುಷ್ಯ. ಹಾಗೆಂದು ನನ್ನ ನೆನಪನ್ನು ನೀವು ಹೆಚ್ಚು ನಂಬಬಾರದು. ಆ ಬೇಸಿಗೆಯ ದಿನಚರಿಯಲ್ಲಿ ಇರುವುದೆಲ್ಲ "ಬಿಸಿಲು. ಎರಡು ಅರ್ಜಿ ಹಾಕಿದೆ" ಎಂಬಂಥ ಒಣ ಸಾಲುಗಳು. ಮನುಷ್ಯ ತನ್ನ ಎದುರಿಗೇ ನಡೆಯುತ್ತಿದ್ದ ದೊಡ್ಡ ಸಂಗತಿಯನ್ನು ಬಿಟ್ಟು ಬಿಸಿಲನ್ನು ಯಾಕೆ ಬರೆದಿಡುತ್ತಾನೋ ನನಗೆ ಇಂದಿಗೂ ತಿಳಿದಿಲ್ಲ. ಹಾಗಾಗಿ ಮುಂದಿನದೆಲ್ಲ ತಲೆಯಿಂದ ತೆಗೆದದ್ದು. ತಲೆ ತನಗೆ ಬೇಕಾದ ಹಾಗೆ ಒಗ್ಗರಣೆ ಹಾಕಿರಬಹುದು.

ದೊಡ್ಡವ್ವ ಸವದತ್ತಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ದೊಡ್ಡಪ್ಪ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಇದ್ದ ಎರಡು ಅಂಕಣದ ಮನೆಯ ಮುಂದಿನ ಭಾಗದಲ್ಲಿ ಮೂರು ಮೇಜು ಹಾಕಿದಳು, ಹಿಂದಿನದರಲ್ಲಿ ಒಲೆ ಹೂಡಿದಳು. ಹೊರಗೆ ಬೋರ್ಡು ಕೂಡ ಇರಲಿಲ್ಲ. ರೊಟ್ಟಿ ಬಡಿಯುವ ಸದ್ದೇ ಬೋರ್ಡು. ತಿಂಗಳಿಗೊಮ್ಮೆ ದುಡ್ಡು ಕೊಟ್ಟು ದಿನಾ ಉಣ್ಣುವವರನ್ನು ಅಲ್ಲಿ "ಮಂಥ್ಲಿ ಮಂದಿ" ಎನ್ನುತ್ತಿದ್ದರು: ಕಚೇರಿಯ ಗುಮಾಸ್ತರು, ಬೇರೆ ಊರಿನಿಂದ ಬಂದ ಮಾಸ್ತರರು, ಯಲ್ಲಮ್ಮನ ಗುಡ್ಡಕ್ಕೆ ಜನ ಒಯ್ಯುವ ಟೆಂಪೋ ಡ್ರೈವರುಗಳು. ಉತ್ತರ ಕರ್ನಾಟಕದ ಖಾನಾವಳಿಯಲ್ಲಿ ಉಂಡವರಾದರೆ ನಿಮಗೇ ಗೊತ್ತು, ಅಲ್ಲಿ ರೊಟ್ಟಿ ತಾಟಿಗೆ ಬಂದು ಬೀಳುವಾಗ ಅದರ ಹೊಟ್ಟೆ ಇನ್ನೂ ಉಬ್ಬಿರಬೇಕು. ಜೋಳದ ಹಿಟ್ಟಿನ ಸ್ವಭಾವ ಅಂಥದ್ದು. ಕುದಿಯುವ ನೀರು ಹಾಕಿ ನಾದಿದ ಹಿಟ್ಟನ್ನು ಆರಲು ಬಿಟ್ಟರೆ ಬಡಿಯುವಾಗ ಅಂಚು ಬಿರಿಯುತ್ತದೆ. ಆದ್ದರಿಂದ ಉಣ್ಣುವವನು ಯಾವಾಗ ಬರುತ್ತಾನೆ ಎಂಬುದು ಒಲೆಯ ಮುಂದೆ ಕೂತವರಿಗೆ ಬಹಳ ಮುಖ್ಯದ ಪ್ರಶ್ನೆ.

ಮುಖ್ಯ, ಆದರೆ ಕೇಳುವಂತಿಲ್ಲ! ದೊಡ್ಡವ್ವನ ಖಾನಾವಳಿಯಲ್ಲಿ ಉಣ್ಣುವ ಕಡೆ ಗಡಿಯಾರವೇ ಇರಲಿಲ್ಲ. ಅದು ಅಡುಗೆಮನೆಯ ಒಳಗೋಡೆಗೆ, ಬೇರೆಯವರಿಗೆ ಕಾಣದ ಹಾಗೆ ತೂಗುತ್ತಿತ್ತು. ಉಣ್ಣುವವನ ಮುಂದೆ ಗಡಿಯಾರ ನೋಡಿದರೆ ಏಳು, ಹೊತ್ತಾಯಿತು ಎಂದು ಹೇಳಿದ ಹಾಗೆ. "ಯಾವಾಗ ಉಣ್ಣಾಕ ಬರತೀರಿ?" ಎಂದು ಕೇಳಿದರೆ ನಿನ್ನಿಂದ ನಮಗೆ ತೊಂದರೆ ಎಂದು ಹೇಳಿದ ಹಾಗೆ. ಬಂದವರಿಗೆ ಅನ್ನುವುದು ಒಂದೇ ಮಾತು, "ಬರ್ರಿ, ಕುಂಡ್ರಿ." ಇನ್ನೊಂದು ನಿಯಮ ಅವಳ ಸ್ವಂತದ್ದು. ಮಂಥ್ಲಿಯವರಲ್ಲಿ ಒಬ್ಬ ಬಾಕಿ ಇದ್ದರೂ ಅವಳು ಉಣ್ಣುತ್ತಿರಲಿಲ್ಲ. ಮಾಡಿದವಳು ಮೊದಲು ಉಂಡರೆ ಉಳಿದ ಅಡುಗೆ ಎಂಜಲಾಗುತ್ತದೆ ಎಂಬುದು ಅವಳ ವಾದ. ಅವಳ ತಾಟು ಒಲೆಯ ಬದಿಗೆ ಬೋರಲು ಬಿದ್ದಿರುತ್ತಿತ್ತು, ಕೊನೆಯವನು ಕೈತೊಳೆಯುವವರೆಗೆ.

ಇಷ್ಟು ದಿನ ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ, ಯಾಕೆಂದರೆ ನಮ್ಮ ಕಡೆ ಮಂದಿಗೆ ಹಸಿವೆಯಾಗುವ ಹೊತ್ತು ಹೆಚ್ಚುಕಡಿಮೆ ಒಂದೇ. ಒಂದು ಗಂಟೆಗೆ ಮೇಜು ತುಂಬುತ್ತಿತ್ತು, ಎರಡಕ್ಕೆ ಬರಿದಾಗುತ್ತಿತ್ತು. ಆಮೇಲೆ ಸ್ಪೇನಿನವನು ಬಂದ.

ಉಗರಗೋಳದ ಆಚೆಯ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸುವ ಕೆಲಸ ಆಗ ನಡೆದಿತ್ತು. ಆ ಯಂತ್ರಗಳ ಜೊತೆಗೆ ಅವುಗಳನ್ನು ಜೋಡಿಸುವ ಒಬ್ಬ ಮೆಕ್ಯಾನಿಕ್ಕನೂ ಬಂದಿದ್ದ. ಹೆಸರು ಹುಲಿಯಾನ್. ಖಾನಾವಳಿಯಲ್ಲಿ ಎರಡೇ ದಿನಕ್ಕೆ ಅವನು ಹುಲಿಯಪ್ಪ ಆದ. ನಲವತ್ತು ದಾಟಿದ, ಬಿಸಿಲಿಗೆ ಕೆಂಪಗೆ ಸುಟ್ಟ ಮೂಗಿನ, ಕೈಯಲ್ಲಿ ಯಾವಾಗಲೂ ಗ್ರೀಸಿನ ಕಲೆ ಇರುತ್ತಿದ್ದ ಮನುಷ್ಯ. ಅವನಿಗೆ ಕನ್ನಡವಂತೂ ಇಲ್ಲವೇ ಇಲ್ಲ, ಇಂಗ್ಲಿಷೂ ಎಸ್, ನೋ ದಾಟಿ ಬರುತ್ತಿರಲಿಲ್ಲ. ಗುಡ್ಡದ ಮೇಲೆ ಅವನ ಮಾತು ತಿಳಿಯುವ ಎಂಜಿನಿಯರ್ ಒಬ್ಬನಿದ್ದ. ಊಟಕ್ಕೆ ಮಾತ್ರ ಇವನು ಒಬ್ಬನೇ ಜೀಪಿನಲ್ಲಿ ಇಳಿದು ಬರುತ್ತಿದ್ದ. ಮೊದಲ ದಿನ ಎಣ್ಣೆಗಾಯಿ ಉಂಡು ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದು ಹಾಕಿಸಿಕೊಂಡ. ರೊಟ್ಟಿ ಬಡಿಯುವ ಶಾಂತವ್ವ ಒಳಗಿನಿಂದ ಇಣುಕಿ, "ಹುಲಿ ಅಂದ್ರ ಹುಲಿ ನೋಡ ನೀಲಕ್ಕಾ, ರೊಟ್ಟಿ ತಿನ್ನೂ ಹುಲಿ!" ಎಂದಿದ್ದಳು. ಆ ಕ್ಷಣದಿಂದ ದೊಡ್ಡವ್ವನ ಪಾಲಿಗೆ ಅವನು ಮಂಥ್ಲಿ ಮನುಷ್ಯ.

ಕಷ್ಟ ಎಂದರೆ ಅವನು ಬರುವ ಹೊತ್ತು. ಒಂದು ದಿನ ಹನ್ನೆರಡಕ್ಕೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಮರುದಿನ ಮೂರಾದರೂ ಪತ್ತೆ ಇಲ್ಲ. ಇನ್ನೊಂದು ದಿನ ನಾಲ್ಕರ ಚಹಾದ ಹೊತ್ತಿಗೆ ಬಂದು ಊಟಕ್ಕೆ ಕೂರುತ್ತಿದ್ದ. ಅಲ್ಲಿಯವರೆಗೆ ದೊಡ್ಡವ್ವನ ತಾಟು ಬೋರಲು. ಅವಳಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾದದ್ದು ಅದೇ ವರ್ಷ. ಬೆಳಿಗ್ಗೆ ಗುಳಿಗೆ ನುಂಗಿ ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಉಣ್ಣಬೇಕು ಎಂದು ಅಲ್ಲಿನ ಡಾಕ್ಟರು ಹೇಳಿ ಕಳಿಸಿದ್ದರು. ಒಂದು ದಿನ ಕಣ್ಣಿಗೆ ಕತ್ತಲೆ ಬಂದು ಕಂಬ ಹಿಡಿದು ನಿಂತಳು. ಕೇಳಿದರೆ ಹೊಗೆ ಎಂದಳು. ಒಲೆ ಆರಿ ಆಗಲೇ ಬಹಳ ಹೊತ್ತಾಗಿತ್ತು.

ನಾನು ಆಗ ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ಕೆಲಸ ಸಿಗದೆ, ದೊಡ್ಡವ್ವನ ಮನೆಯಲ್ಲಿ ಉಣ್ಣುತ್ತ ಅರ್ಜಿ ಬರೆಯುತ್ತ ಕೂತಿದ್ದವನು. ನನ್ನ ವಿದ್ಯೆಗೆ ಒಂದು ಉಪಯೋಗ ಬಂತೆಂದು ಖುಷಿಯಾಗಿ ಹೇಳಿದೆ:

"ದೊಡ್ಡವ್ವಾ, ನಾ ಅವ್ರಿಗೆ ಇಂಗ್ಲೀಷಿನ್ಯಾಗ ಹೆಂಗರೆ ಮಾಡಿ ತಿಳಸತೇನಿ. ಒಂದ ಗಂಟೆಕ್ಕ ಬರ್ರಿ ಅಂತ."

"ಹೇಳಿ ನೋಡು," ಅಂದಳು. "ನನ್ನ ಸಕ್ಕರಿ ಸುದ್ದಿ ಅವನ ಮುಂದ ತಗದಿ ಅಂದ್ರ ಈ ಮನ್ಯಾಗ ನಿನಗ ರೊಟ್ಟಿ ಇಲ್ಲ. ಯಾವ ದೇಶದಾಂವೋ ಏನೋ, ನನ್ನ ಸಲುವಾಗಿ ಕೆಲಸಾ ಬಿಟ್ಟು ಉಣ್ಣಾಕ ಓಡಿ ಬರಬೇಕೇನು?"

"ಮತ್ತ ಹೆಂಗ?"

ಅವಳು ಸ್ವಲ್ಪ ಹೊತ್ತು ಹಿಟ್ಟು ಜರಡಿ ಹಿಡಿಯುತ್ತ ಕೂತಳು. ಆಮೇಲೆ ಹೇಳಿದ್ದು ನನಗೆ ಈಗಲೂ ಸೋಜಿಗ. ಯಾವಾಗ ಉಣ್ಣುತ್ತೀರಿ ಎಂದು ನಮ್ಮ ಮಾತಿನಲ್ಲಿ ಕೇಳಿದರೆ ಒರಟು. ಅವರ ದೇಶದಲ್ಲಿ ಅದು ಒರಟು ಇರಲಿಕ್ಕಿಲ್ಲ. "ಅವ್ರ ಮಾತಿನ್ಯಾಗ ಹೆಂಗ ಕೇಳತಾರ ಅಷ್ಟು ಕಲಿಸು. ನಾನ ಕೇಳತೇನಿ. ನೀ ನಡಕ ಬರಬ್ಯಾಡ."

ಬಸ್ ನಿಲ್ದಾಣದ ಹತ್ತಿರ ಒಂದು ಇಂಟರ್ನೆಟ್ ಅಂಗಡಿ ಇತ್ತು. ರಿಸಲ್ಟು ನೋಡಲು ಬಂದ ಹುಡುಗರ ಸಾಲಿನಲ್ಲಿ ನಿಂತು, ನನ್ನ ಪಾಳಿ ಬಂದಾಗ ಸ್ಪ್ಯಾನಿಷ್ ಊಟದ ಮಾತು ಹುಡುಕಿದೆ. ಅಂಗಡಿಯವನು ನನ್ನ ಹಿಂದೆ ನಿಂತು ನೋಡಿ, "ಸರ್, ಸ್ಪೇನಿಗೆ ನೌಕರಿ ಬಂತೇನ್ರಿ?" ಎಂದು ಗೌರವದಿಂದ ಕೇಳಿದ. ಹೌದು ಎನ್ನಬೇಕೆಂಬ ಆಸೆಯನ್ನು ಹತ್ತಿಕ್ಕಿದೆ. ವಾಕ್ಯವನ್ನು ಬಸ್ಸಿನ ಟಿಕೆಟ್ಟಿನ ಹಿಂದೆ ಕನ್ನಡದಲ್ಲಿ ಬರೆದುಕೊಂಡು ಬಂದೆ.

ದೊಡ್ಡವ್ವ ಮೊದಲು ಕೇಳಿದ್ದು, "ಇದರಾಗ 'ರಿ' ಐತೇನು?"

ಇದೆ ಎಂದೆ. ಕೊನೆಯ ಉಸ್ತೇ ಎಂಬುದೇ ಅವರ ಗೌರವ. ಅದು ಕೊನೆಗೆ ಬರುವುದು ಅವಳಿಗೆ ಬಹಳ ಹಿಡಿಸಿತು. ನಮ್ಮ ಹಾಗೇ ಇದ್ದಾರೆ ಎಂದಳು. ಅಂದು ಸಂಜೆ ಅವಳು ರೊಟ್ಟಿ ಬಡಿಯುತ್ತ ಅದನ್ನು ಬಾಯಿಪಾಠ ಮಾಡಿದಳು. ಆ ಕೆ ಓರಾ, ಎರಡು ಬಡಿತ. ಕೋಮೆ ಉಸ್ತೇ, ಎರಡು ಬಡಿತ, ರೊಟ್ಟಿಗೆ ಒಂದು ಸುತ್ತು. ಶಾಂತವ್ವ ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ, "ಏನ್ರೀ ಸಾಹೇಬ್ರ, ದೆವ್ವ ಬಿಡಸೂ ಮಂತ್ರಾ ಕಲಸಾಕತ್ತೀರೇನು? ನೀಲಕ್ಕಗ ಬ್ಯಾಡ, ನಮ್ಮ ಮನಿಯವ್ರಿಗೆ ಬೇಕಾಗೇತಿ ಅದು," ಎಂದಳು. ಒಂದು ಗಂಟೆಗೆ ಬನ್ನಿ ಎಂಬ ಬೇರೆ ವಾಕ್ಯವನ್ನೇ ಕಲಿಸಿಬಿಟ್ಟರೆ ಹೇಗೆ ಎಂಬ ಯೋಚನೆ ನನಗೆ ಬಂದದ್ದು ಸುಳ್ಳಲ್ಲ. ಆದರೆ ಒಲೆಯ ಬೆಳಕಿನಲ್ಲಿ ಅವಳ ತುಟಿ ಅಷ್ಟು ನಂಬಿಕೆಯಿಂದ ಅಲುಗುವುದನ್ನು ನೋಡಿ ಬಿಟ್ಟೆ.

ಮರುದಿನ ಅವನು ಊಟಕ್ಕೆ ಕೂತು ಮೊದಲ ತುತ್ತು ಮುರಿಯುವಾಗ ದೊಡ್ಡವ್ವ ಸೆರಗು ಸರಿಮಾಡಿಕೊಂಡು ಮೇಜಿನ ಹತ್ತಿರ ಹೋಗಿ ಕೇಳಿದಳು. ಅವನ ಕೈ ನಿಂತಿತು. ಅವನು ಅವಳನ್ನು, ಆಮೇಲೆ ನನ್ನನ್ನು ನೋಡಿದ. ಮುಖವೆಲ್ಲ ಅರಳಿ, ಕುರ್ಚಿಯಿಂದ ಅರ್ಧ ಎದ್ದು, ಬಡಬಡನೆ ಉದ್ದದ ಉತ್ತರ ಹೇಳತೊಡಗಿದ.

ಆಗ ನಮಗೆ ಹೊಳೆಯಿತು. ನಾವು ಪ್ರಶ್ನೆ ಕಲಿತಿದ್ದೆವು. ಉತ್ತರ ತಿಳಿದುಕೊಳ್ಳುವುದನ್ನು ಕಲಿತಿರಲಿಲ್ಲ.

ಎಂ.ಎ. ಮಾಡಿದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ನಾನು ನೆಲ ನೋಡುತ್ತ ನಿಂತೆ. ದೊಡ್ಡವ್ವ ಮಾತ್ರ "ಹೂಂ, ಹೂಂ" ಎನ್ನುತ್ತ ಪೂರ್ತಿ ಕೇಳಿದಳು. ಅವಳಿಗೆ ತಿಳಿಯಲಿಲ್ಲ ಎಂದು ಅವನಿಗೂ ಗೊತ್ತಾಯಿತು. ಅವನು ತುತ್ತು ಕೆಳಗಿಟ್ಟು ಎಡಗೈ ಎತ್ತಿ ಮೇಲೆ ಗುಡ್ಡ ತೋರಿಸಿದ, ಕ್ರೇನಿನ ಹಾಗೆ ತೋಳು ಚಾಚಿದ, ಆಮೇಲೆ ಗಲ್ಲ ಉಬ್ಬಿಸಿ ಉಫ್ ಎಂದು ಊದಿ, ತೋಳನ್ನು ಗಡಗಡ ನಡುಗಿಸಿ ಕೆಳಗಿಳಿಸಿದ. ಕೊನೆಗೆ ಬೆರಳನ್ನು ತಾಟಿನ ಕಡೆ ತೋರಿಸಿ ನಕ್ಕ.

"ಗಾಳಿ," ಎಂದಳು ದೊಡ್ಡವ್ವ.

ಗಾಳಿ ಜೋರಾದರೆ ಕ್ರೇನು ನಿಲ್ಲಿಸಬೇಕು. ಕ್ರೇನು ನಿಂತಾಗ ಅವನು ಊಟಕ್ಕೆ ಇಳಿಯುತ್ತಾನೆ. ಅವನ ಊಟಕ್ಕೆ ಗಂಟೆ ಇಲ್ಲ. ಅಂದಿನಿಂದ ಅವಳು ಮಾಳಿಗೆಯ ಮೇಲೆ ಒಣಹಾಕಿದ ಸೀರೆಯ ಕಡೆ ಕಣ್ಣಿಟ್ಟಳು. ಸೀರೆ ಹಗ್ಗದಿಂದ ಹಾರಲು ನೋಡಿದರೆ ಹಿಟ್ಟಿಗೆ ನೀರು ಕಾಯಲು ಇಡುವಳು. ಅವನು ಬರುವ ಹೊತ್ತಿಗೆ ಮೊದಲ ರೊಟ್ಟಿ ಹೆಂಚಿನ ಮೇಲೆ ಇರುತ್ತಿತ್ತು. ಆದರೂ ದಿನಾ ಅದೇ ಪ್ರಶ್ನೆ ಕೇಳುವಳು, ಅವನು ದಿನಾ ಗಲ್ಲ ಉಬ್ಬಿಸಿ ತೋರಿಸುವನು. ರೊಟ್ಟಿಯ ಸಮಸ್ಯೆ ಬಗೆಹರಿಯಿತು. ಅವಳ ಹಸಿವೆಯ ಸಮಸ್ಯೆ ಇದ್ದಲ್ಲೇ ಇತ್ತು. ಗಾಳಿಗೆ ಅವಳ ಗುಳಿಗೆಯ ಗೊಡವೆ ಇರಲಿಲ್ಲವಲ್ಲ.

ಗಾಳಿಯೇ ಇಲ್ಲದ ಒಂದು ದಿನ ಬಂತು. ಸೀರೆ ಹಗ್ಗದ ಮೇಲೆ ಹಲಗೆಯ ಹಾಗೆ ನೇತಾಡುತ್ತಿತ್ತು. ಉಳಿದ ಮಂದಿ ಉಂಡು ಹೋಗಿ, ಬಿಸಿಲು ಹೊಸ್ತಿಲು ದಾಟಿ ಇಳಿಯತೊಡಗಿತು. ದೊಡ್ಡವ್ವ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಿದ್ದಳು, ಹಣೆಯ ಮೇಲೆ ಬೆವರು, ಕಣ್ಣು ಮುಚ್ಚಿದ್ದವು. "ಒಂದ್ ತುತ್ತು ತಿನ್ನ ನೀಲಕ್ಕಾ, ನಿನ್ನ ಕಾಲು ಬೀಳತೇನಿ," ಎಂದು ಶಾಂತವ್ವ ಬೇಡಿಕೊಂಡು, ಕೊನೆಗೆ ಬೆಲ್ಲದ ಹರಳೊಂದನ್ನು ಬಲವಂತವಾಗಿ ಬಾಯಿಗೆ ತುರುಕಿದ್ದಳು. ಆಗ ಜೀಪಿನ ಸದ್ದಾಯಿತು. ಹುಲಿಯಪ್ಪ ಕೈತೊಳೆದು ತನ್ನ ಜಾಗದಲ್ಲಿ ಕೂತ. ದೊಡ್ಡವ್ವ ಏಳಲು ಹೋಗಿ, ಚೌಕಟ್ಟು ಹಿಡಿದು, ಮತ್ತೆ ಕೂತಳು.

ಶಾಂತವ್ವನ ತಾಳ್ಮೆ ಮುಗಿಯಿತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, "ಏನ್ರೀ ಹುಲಿಯಪ್ಪಾ, ನೀವು ಉಣ್ಣೂತನಾ ಈಕಿ ಉಣ್ಣಂಗಿಲ್ಲ, ತಿಳೀತೇನ್ರಿ? ಹೊಟ್ಟಿ ಖಾಲಿ ಈಕಿದು! ಖಾಲಿ!" ಎಂದು ತನ್ನ ಹೊಟ್ಟೆಯನ್ನೇ ಬಡಿದುಕೊಂಡಳು. ಸೀರೆಯ ಮೇಲೆ ಐದು ಬೆರಳಿನ ಹಿಟ್ಟಿನ ಗುರುತು ಮೂಡಿತು. ಅವನು ಅವಳನ್ನು ನೋಡಿದ, ಬಾಗಿಲಲ್ಲಿ ಕೂತವಳನ್ನು ನೋಡಿದ, ಒಲೆಯ ಬದಿಯ ಬೋರಲು ತಾಟನ್ನು ನೋಡಿದ. ನಾನು ಬಾಯಿ ತೆರೆದೆ. ದೊಡ್ಡವ್ವ ಕಣ್ಣಿನಲ್ಲೇ ಮುಚ್ಚಿಸಿದಳು.

ಅವನು ಎದ್ದು, ಬೂಟು ಬಿಚ್ಚಿ, ಅವಳ ಎದುರಿಗೆ ಮೊಣಕಾಲೂರಿ ಕೂತು, ಬಹಳ ಮೆಲ್ಲಗೆ ಕೇಳಿದ:

"ಆ ಕೆ ಓರಾ ಕೋಮೆ ಉಸ್ತೇ?"

ಅವನ ಅಷ್ಟು ದೊಡ್ಡ ಭಾಷೆಯಲ್ಲಿ ಅವಳಿಗೆ ತಿಳಿಯುವ ಮಾತು ಇದೊಂದೇ ಇತ್ತು. ತಾನೇ ದಿನಾ ಕೇಳಿದ್ದು. ಅವನು ಕಾದ. ಆಮೇಲೆ ಹೋಗಿ ತನ್ನ ತಾಟು ತಂದು ನೆಲದ ಮೇಲಿಟ್ಟ, ಬೋರಲು ಬಿದ್ದಿದ್ದ ಅವಳದನ್ನು ಅಂಗಾತ ತಿರುವಿ ತಂದು ಪಕ್ಕಕ್ಕೆ ಇಟ್ಟ, ಉದ್ದ ಕಾಲುಗಳನ್ನು ಹೇಗೋ ಮಡಚಿಕೊಂಡು ಕೂತ. ಉಣ್ಣಲಿಲ್ಲ. "ನೀವು ಉಣ್ರಿ," ಎಂದಳು ದೊಡ್ಡವ್ವ. ಅವನು ಕೈಯಿಂದ ಅವಳ ತಾಟು ತೋರಿಸಿದ. ಅವಳು ಅವನದನ್ನು ತೋರಿಸಿದಳು. ಅವನು ಅವಳದನ್ನು. ಶಾಂತವ್ವ ತಂದು ಹಾಕಿದ ರೊಟ್ಟಿ ಎರಡೂ ತಾಟಿನಲ್ಲಿ ಹೊಟ್ಟೆ ಇಳಿಸಿ ಮಲಗಿದವು.

"ಇಬ್ಬರೂ ಕೂಡೇ ಬಾಯಿಗೆ ಹಾಕ್ಕೋರಿ ಅತ್ಲಾಗ!" ಎಂದು ಶಾಂತವ್ವ ಚೀರಿದಳು. "ನನ್ನ ಬಸ್ಸು ಹೋಗತೈತಿ."

ಅವರು ಜೊತೆಗೇ ಉಂಡರು. ನನ್ನ ನೆನಪಿನಲ್ಲಿ ದೊಡ್ಡವ್ವ ಅಂದು ಎರಡು ರೊಟ್ಟಿ ಉಂಡಳು, ನಕ್ಕಳು, ಅವನ ತಾಟಿಗೆ ತನ್ನ ಕೈಯಾರೆ ಮೊಸರು ಬಡಿಸಿದಳು. ಮುಂದಿನ ತಿಂಗಳು ನನಗೆ ಕಿತ್ತೂರಿನ ಕಡೆ ಕಾಲೇಜಿನಲ್ಲಿ ಕೆಲಸ ಸಿಕ್ಕಿ ಹೋದೆ. ಗುಡ್ಡದ ಕೆಲಸ ಮುಗಿದು ಅವನೂ ಹೋದ. ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಮುಂದೆ ನನ್ನ ಹೆಂಡತಿಯಾದ ಶೈಲಾಳನ್ನು ನೋಡಲು ಮುರಗೋಡಕ್ಕೆ ಹೋದಾಗ ಅವರ ಮನೆಯಲ್ಲಿ. ಹೇಳುವಾಗ ಕೊನೆಗೆ ಸ್ವಲ್ಪ ದನಿ ಇಳಿಸಿ, "ಅಂದಿನಿಂದ ನಮ್ಮ ದೊಡ್ಡವ್ವ ಹೊತ್ತಿಗೆ ಸರಿಯಾಗಿ ಉಣ್ಣತೊಡಗಿದಳು" ಎನ್ನುತ್ತಿದ್ದೆ. ಕೇಳಿದವರು ಒಪ್ಪಿ ತಲೆಯಾಡಿಸುತ್ತಿದ್ದರು. ಅದನ್ನು ನಾನು ಕಣ್ಣಾರೆ ಕಂಡಿದ್ದೆನೇ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಒಲೆಯ ಮುಂದೆ ಕೂರಲು ಆಗದ ಮೇಲೆ ದೊಡ್ಡವ್ವ ಖಾನಾವಳಿ ಮುಚ್ಚಿ ನಮ್ಮ ಜೊತೆ ಇರಲು ಬಂದಳು. ಬಂದ ಹೊಸತರಲ್ಲಿ ತಾನೇ ಅಡುಗೆಮನೆಗೆ ಹೋಗಿ ಯಾವಾಗಲೋ ಏನೋ ಹಾಕಿಕೊಂಡು ಉಣ್ಣುತ್ತಿದ್ದಳು. ತಿಂಗಳ ಹಿಂದೆ ಬಚ್ಚಲಲ್ಲಿ ತಲೆ ತಿರುಗಿ ಬಿದ್ದಳು. ಆಗ ನಾನು ಎಚ್ಚೆತ್ತು, ಮಾಸ್ತರಿಕೆಯ ಗುಣ ತೋರಿಸಿ, ವೇಳಾಪಟ್ಟಿ ಬರೆದು ಗೋಡೆಗೆ ಹಚ್ಚಿದೆ. ಅವಳ ಊಟ ಎಲ್ಲರಿಗಿಂತ ಮೊದಲು, ಮಂಚದ ಮೇಲೆಯೇ, ಬಿಸಿಬಿಸಿಯಾಗಿ. ನಮ್ಮದು ಆಮೇಲೆ. ಹಿರಿಯರಿಗೆ ಇದಕ್ಕಿಂತ ಹೆಚ್ಚಿನ ಸೇವೆ ಏನಿದೆ ಎಂದು ಒಳಗೊಳಗೇ ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡಿದ್ದೆ. ಅವಳು ಉಣ್ಣುವುದನ್ನು ಬಿಟ್ಟದ್ದು ಅದರ ನಂತರವೇ ಎಂಬುದನ್ನು ಈಗ ಬರೆಯುವಾಗ ಎಷ್ಟು ಸುಲಭವಾಗಿ ಬರೆಯುತ್ತಿದ್ದೇನೆ. ಆಗ ಅದು ಕಾಣಲೇ ಇಲ್ಲ.

ಪಕ್ಕದ ಕೋಣೆಯಲ್ಲಿ ಫೋನು ಅದೇ ಪ್ರಶ್ನೆಯನ್ನು ಇನ್ನೊಂದು ಸಲ ಕೇಳಿತು. ನಾನು ಕೈಯಲ್ಲಿದ್ದ ತಾಟನ್ನು ಮಂಚದ ಮೇಲಿಟ್ಟು ಕನ್ನಡದಲ್ಲಿ ಕೇಳಿದೆ:

"ದೊಡ್ಡವ್ವಾ, ನೀ ಎಷ್ಟು ಹೊತ್ತಿಗೆ ಉಣ್ತಿ?"

ಅವಳು ತಿರುಗಿ ನನ್ನನ್ನು ಸರಿಯಾಗಿ ನೋಡಿದಳು. ಬಹಳ ದಿನದ ಮೇಲೆ ಹಾಗೆ ನೋಡಿದ್ದು.

"ನೀವೆಲ್ಲಾರೂ ಉಂಡಿಂದ," ಎಂದಳು.

"ಹಂಗ್ಯಾಕ? ಇದೇನು ಖಾನಾವಳಿ ಅಲ್ಲಲಾ."

"ಕೂಸು ಉಂಡಿಲ್ಲ, ಶೈಲಾ ಉಂಡಿಲ್ಲ, ನೀ ಉಂಡಿಲ್ಲ. ನನ್ನ ಒಬ್ಬಾಕಿನ್ನ ಮುಂದ ಕುಂದರಿಸಿ ಉಣ್ಣ ಉಣ್ಣ ಅಂದ್ರ ಹೆಂಗ ಇಳೀತೈತಿ ತಮ್ಮಾ? ಗಂಟಲಾಗ ನಿಂದರತೈತಿ ಅದು."

"ಆದ್ರ ಹುಲಿಯಪ್ಪನ ಕೂಡ ಕುಂತು ಉಂಡಿದ್ದಿ. ಎರಡು ರೊಟ್ಟಿ. ನಾನ ನೋಡೇನಿ."

ದೊಡ್ಡವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಭುಜ ಅಲುಗುವ ಹಾಗೆ ನಕ್ಕಳು. "ಹುಚ್ಚಪ್ಪಾ! ಅವ ಕಣ್ಣ ಬಿಟ್ಟು ನೋಡತಿದ್ದ ಅಂತ ಒಂದ್ ತುತ್ತು ಬಾಯಾಗ ಇಟ್ಕೊಂಡು ಆಡಿಸಿದ್ನಿ. ಪಾಪ, ಅಷ್ಟು ದೂರದ ಮನಷ್ಯಾ, ಮನಸ್ಸು ನೋಯಿಸಬಾರದು ಅಂತ. ಅವ ಕೈ ತೊಳಕೊಂಡು ಹ್ವಾದಿಂದ ಉಂಡ್ನಿ."

"ಮತ್ತ ಆಮ್ಯಾಲಿಂದ?"

"ಆಮ್ಯಾಲಿಂದ ಶಾಂತವ್ವ ದಿನಾ ನನ್ನ ಬೈದು ಬೈದು ಮೊದಲ ಒಂದು ಬಟ್ಟಲ ಅಂಬಲಿ ಕುಡಸಾಕಿ. ಅಂಬಲಿ ಊಟ ಅಲ್ಲ. ಅದನ್ನ ಕುಡಿದ್ರ ನಡೀತೈತಿ." ಹೊದಿಕೆಯ ಅಂಚು ನೀವುತ್ತ ಅಂದಳು, "ಅವ ಕೇಳಿದ್ದಷ್ಟ ಖರೇ. ಅಷ್ಟು ಮಂದಿಗೆ ಹಾಕಿದ್ನಿ, ನೀ ಯಾವಾಗ ಉಣ್ತಿ ಅಂತ ಕೇಳಿದಾಂವ ಅವನ ಒಬ್ಬ. ನೀ ಎಲ್ಲಿ ಕೇಳತಿ? ನೀ ಗ್ವಾಡಿಗೆ ಹಚ್ಚತಿ."

ಹೀಗೆ, ನಾನು ಅಷ್ಟು ವರ್ಷ ಬಡಿಸಿಕೊಂಡು ಬಂದ ಕಥೆಯ ಕೊನೆಯ ಸಾಲು ಹೋಯಿತು. ಅದರ ಜಾಗದಲ್ಲಿ ಅಂಬಲಿ ಬಂತು. ನನಗೆ ನಷ್ಟವಾಯಿತೆಂದು ಅನಿಸಲಿಲ್ಲ. ಡಾಕ್ಟರಿಗೆ ಫೋನು ಮಾಡಿ ಅಂಬಲಿ ಕುಡಿದು ಗುಳಿಗೆ ನುಂಗಿ, ಊಟ ಆಮೇಲೆ ಮಾಡಿದರೆ ನಡೆಯುತ್ತದೆಯೇ ಎಂದು ಕೇಳಿದೆ. ಅವರು ಎರಡು ಪ್ರಶ್ನೆ ಕೇಳಿ, ನಡೆಯುತ್ತದೆ, ಆದರೆ ಬಹಳ ತಡ ಮಾಡಬೇಡಿ ಎಂದರು. ಅಡುಗೆಮನೆಗೆ ಹೋಗಿ ಶೈಲಾಗೆ ಎಲ್ಲ ಹೇಳಿದೆ. ಅವಳು ಸೌಟು ಹಿಡಿದುಕೊಂಡು ಕೇಳಿ, "ಮೂರು ವಾರ ನಾ ನನ್ನ ಕೈ ಅಡಗೀನ ಸೇರವಲ್ದು ಅಂತ ತಿಳದಿದ್ನಿ," ಎಂದಳು. ಅದನ್ನೂ ನಾನು ಕೇಳಿರಲಿಲ್ಲ.

ಮಗಳಿಗೆ ಫೋನು ಮುಚ್ಚಿಡಲು ಹೇಳಿದೆವು. ದೊಡ್ಡವ್ವ ಮಂಚದಿಂದ ಇಳಿದು, ಗೋಡೆ ಹಿಡಿದುಕೊಂಡು ನಡೆದು ಬಂದು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಬಟ್ಟಲ ಅಂಬಲಿಯನ್ನು ಊಟವಲ್ಲವೆಂಬ ಧೈರ್ಯದಿಂದ ಪೂರ್ತಿ ಕುಡಿದಳು. ನಾವು ಮೂವರೂ ಅವಳ ಕಣ್ಣೆದುರಿಗೆ ಉಂಡೆವು. "ಕೂಸಿಗೆ ಇನ್ನಷ್ಟ ಪಲ್ಯಾ ಹಾಕ ಶೈಲಾ. ಏ ತಮ್ಮಾ, ಏನ್ ಪರೀಕ್ಷಾಕ್ಕ ಹೊಂಟಂಗ ಗಬಗಬ ನುಂಗತಿ? ಅಗದು ತಿನ್ನು." ಹೊಟ್ಟೆ ತುಂಬಿದ್ದರೂ ಅವಳ ಕೈ ತೋರಿಸಿದ ಕಡೆ ತಾಟು ಚಾಚುತ್ತ ಉಂಡೆವು.

ನಾವು ಎದ್ದ ಮೇಲೆ ಅವಳು ತಾಟು ಕೇಳಿದಳು. ಶೈಲಾ ಕಡಕ್ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು ಇಟ್ಟಳು. ನಾನು ಅಲ್ಲೇ ನಿಂತೆ.

"ಏನ್ ನೋಡತಿ ಕಂಬದಂಗ ನಿಂತು? ನಡೀರಿ ಎಲ್ಲಾರೂ ಹೊರಗ."

ಹೊರಗೆ ಬಂದು ಮೂವರೂ ಸೋಫಾದ ಮೇಲೆ ಸಾಲಾಗಿ ಕೂತೆವು, ಆಸ್ಪತ್ರೆಯ ಹೊರಗೆ ಕಾಯುವವರ ಹಾಗೆ. ಟಿವಿ ಹಚ್ಚಲಿಲ್ಲ. ಮಗಳು ನನ್ನ ತೋಳು ಹಿಡಿದುಕೊಂಡಿದ್ದಳು. ಒಳಗೆ ರೊಟ್ಟಿ ಮುರಿದ ಸದ್ದು ಕೇಳಿಸಿತು. ಸ್ವಲ್ಪ ಬಿಟ್ಟು ಇನ್ನೊಮ್ಮೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಶೈಲಾ ನನ್ನ ಮುಖ ನೋಡಿದಳು. ನಾನು ಏಳಬೇಕೆನ್ನುವಷ್ಟರಲ್ಲಿ ಒಳಗಿನಿಂದ ದನಿ ಬಂತು. ಹಿಂದೆ ಮೂರು ಮೇಜು ದಾಟಿ ಬೀದಿಗೆ ಕೇಳಿಸುತ್ತಿದ್ದ ದನಿ.

"ಶೈಲಾ, ಪಲ್ಯಾಕ್ಕ ಉಪ್ಪು ಕಡಿಮಿ ಬಿದ್ದೈತಿ ನೋಡವಾ."

ತನ್ನ ಅಡುಗೆಯ ಬಗ್ಗೆ ಯಾರಾದರೂ ಒಂದು ಮಾತು ಅಂದರೆ ಎರಡು ದಿನ ಮಾತು ಬಿಡುವ ನನ್ನ ಹೆಂಡತಿ, ಕಣ್ಣು ಒರೆಸಿಕೊಂಡು, "ಬಂದೆ ಅತ್ತೀ," ಎಂದು ಉಪ್ಪಿನ ಡಬ್ಬಿ ತರಲು ಓಡಿದಳು.